ಪಾಸ್ಟರ್ ಮಾತು ಎಲ್ಲಿಯವರೆಗೆ?

ಯಾರಾದರೂ ಪ್ರಶ್ನೆ ಎತ್ತಿದರೆ ಸಾಕು, ನಮ್ಮ ಸಭೆಯಲ್ಲಿ, ಅಂದರೆ ಚರ್ಚ್‌ನಲ್ಲಿ, ಬೈಬಲಿನ ಇಬ್ರಿಯರಿಗೆ ಬರೆದ ಪತ್ರದ 13:17ನೇ ವಚನ ಹೊರಗೆ ಬರುತ್ತದೆ. ಸಭಾನಾಯಕರ ಮಾತು ಕೇಳಿ, ಅಧೀನರಾಗಿರಿ. ಸರಿ. ಆದರೆ ಆ ನಾಯಕರು ಲೆಕ್ಕ ಒಪ್ಪಿಸಬೇಕು ಅಂತಲೂ ಅದೇ ವಚನದಲ್ಲಿದೆ, ಅಲ್ವಾ? ಅದನ್ನು ಯಾಕೋ ಯಾರೂ ಜೋರಾಗಿ ಓದುವುದಿಲ್ಲ. ಮಂದೆಯ ಮೇಲೆ, ಅಂದರೆ ಸಭೆಯ ಜನರ ಮೇಲೆ, ದೊರೆತನ ಮಾಡಬೇಡಿ ಎಂದು ಯೇಸುವಿನ ಶಿಷ್ಯ ಪೇತ್ರನೇ ಸಭೆಯ ಹಿರಿಯರಿಗೆ ಬರೆದಿದ್ದಾನೆ. ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಬೋಧನೆಯನ್ನೂ ದಿನಾ ಶಾಸ್ತ್ರದಲ್ಲಿ ಹುಡುಕಿ ನೋಡಿದರು. ಅದನ್ನು ಬೈಬಲಿನಲ್ಲಿ ಬರೆದಿಟ್ಟ ಲೂಕ ಅವರನ್ನು ಬೈಯಲಿಲ್ಲ, ಹೊಗಳಿದ.

ತಮ್ಮನ ಜೊತೆಗಿನ ಜಗಳ ಮುಗಿಸು ಎಂದು ನಮ್ಮ ಪಾಸ್ಟರ್ ಹೇಳಿದಾಗ ನನಗೆ ಮೈಯೆಲ್ಲ ಉರಿದಿತ್ತು. ಆದರೂ ಫೋನ್ ಮಾಡಿದೆ. ಹೇಳಿದ್ದು ದೇವರ ವಾಕ್ಯದಲ್ಲೇ, ಬೈಬಲಿನಲ್ಲೇ ಇತ್ತಲ್ಲ. ಮಗಳಿಗೆ ಇಂಥ ಹುಡುಗನೇ ಎಂದು ದೇವರು ತನಗೆ ತೋರಿಸಿದ್ದಾರೆ ಅಂದಾಗ ಮಾತ್ರ, "ಪಾಸ್ಟರ್, ನಾವೂ ಪ್ರಾರ್ಥನೆ ಮಾಡಿ ನೋಡುತ್ತೇವೆ" ಅಂದೆ. ಅವರಿಗೆ ಬೇಜಾರಾಯಿತು. ನಾನು ಸಭೆ ಬಿಡಲಿಲ್ಲ. ಮದುವೆ ಮಾತ್ರ ಮಗಳು ಒಪ್ಪಿದವನ ಜೊತೆ ಆಯಿತು.