ಬಣ್ಣ ದಟ್ಟವಾದಷ್ಟೂ ವಿದ್ಯುತ್ ಹೆಚ್ಚಬೇಕಲ್ಲವೇ?

ಡೈ, ಅಂದರೆ ಬಣ್ಣದ ವಸ್ತು, ಬಳಸುವ ಸೌರಕೋಶಗಳ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಕೇಳುವುದು ಇದನ್ನೇ: ಬೆಳಕನ್ನು ಹೀರುವುದು ಬಣ್ಣದ ಅಣುಗಳೇ ಆಗಿರುವಾಗ, ಅವುಗಳನ್ನು ಒತ್ತೊತ್ತಾಗಿ ತುಂಬದೆ ದೂರ ದೂರ ಇಡಲು ಇಷ್ಟೊಂದು ಶ್ರಮವೇಕೆ?

1991ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್‌ನಿಂದ ಓ'ರೀಗನ್ ಮತ್ತು ಗ್ರೆಟ್ಸೆಲ್ ವರದಿ ಮಾಡಿದ ಕೋಶದಲ್ಲಿ, ಟೈಟಾನಿಯಂ ಡೈಆಕ್ಸೈಡಿನ ನ್ಯಾನೊಕಣಗಳ ಮೇಲೆ ಬಣ್ಣವು ಒಂದೇ ಅಣುವಿನಷ್ಟು ದಪ್ಪಕ್ಕೆ ಹರಡಿಕೊಂಡಿರುತ್ತದೆ. ಬೆಳಕು ಹೀರಿದ ಅಣು ತನ್ನ ಎಲೆಕ್ಟ್ರಾನನ್ನು ಆ ಕಣಕ್ಕೆ ದಾಟಿಸಿದರೆ ಮಾತ್ರ ವಿದ್ಯುತ್ ದೊರೆಯುತ್ತದೆ. ಅಣುಗಳು ಒಂದಕ್ಕೊಂದು ಅಂಟಿಕೊಂಡು ಪೇರಿಕೊಂಡಾಗ, ಆ ಶಕ್ತಿಯ ಬಹುಪಾಲು ಕಣವನ್ನು ತಲುಪುವ ಮೊದಲೇ ನೆರೆಯ ಅಣುಗಳಿಗೆ ಹರಿದು ಶಾಖವಾಗಿ ಕಳೆದುಹೋಗುತ್ತದೆ.

ತೊಡಕಿರುವುದು ಸಾವಯವ (ಇಂಗಾಲ ಆಧಾರಿತ) ಬಣ್ಣದ ಗುಣದಲ್ಲಿಯೇ. ಅದರ ಸಾಮಾನ್ಯ ರೂಪ ಹೀಗೆ: ಒಂದು ತುದಿಯಲ್ಲಿ ಎಲೆಕ್ಟ್ರಾನ್ ಕೊಡುವ ಟ್ರೈಫಿನೈಲ್‌ಅಮೈನ್, ಇನ್ನೊಂದು ತುದಿಯಲ್ಲಿ ಅದನ್ನು ಸೆಳೆದು ಕಣಕ್ಕೆ ಕಚ್ಚಿಕೊಳ್ಳುವ ಸಯನೊಅಕ್ರಿಲಿಕ್ ಆಮ್ಲ, ನಡುವೆ ಥಯೋಫೀನ್ ಉಂಗುರಗಳ ಸೇತುವೆ. ಈ ಸೇತುವೆ ಚಪ್ಪಟೆಯಾದಷ್ಟೂ ಬೆಳಕಿನ ಹೀರಿಕೆ ಪ್ರಬಲವಾಗುತ್ತದೆ, ಅಣುಗಳು ಪೇರಿಕೊಳ್ಳುವ ಒಲವೂ ಅಷ್ಟೇ ಬೆಳೆಯುತ್ತದೆ.

ಬಣ್ಣದ ದ್ರಾವಣಕ್ಕೆ ಕೀನೊಡಿಆಕ್ಸಿಕೋಲಿಕ್ ಆಮ್ಲ ಎಂಬ ಪಿತ್ತಾಮ್ಲವನ್ನು ಬೆರೆಸುವುದು ರೂಢಿಯ ಪರಿಹಾರ. ಅದು ಅಣುಗಳ ನಡುವೆ ನುಸುಳಿ ಅವನ್ನು ಬೇರ್ಪಡಿಸುತ್ತದೆಯಾದರೂ, ಬಣ್ಣ ಕೂರಬೇಕಾದ ಜಾಗವನ್ನು ತಾನು ಹಿಡಿಯುತ್ತದೆ. ಆದ್ದರಿಂದ ಬೇರ್ಪಡಿಸುವ ಗುಣವನ್ನು ಅಣುವಿನ ಆಕಾರದಲ್ಲಿಯೇ ಕಟ್ಟಬೇಕೆಂಬುದು ನನ್ನ ದೃಢವಾದ ನಿಲುವು.

ಹಾಗೆಂದು ಭಾರಿ ಗುಂಪುಗಳನ್ನು ಎಲ್ಲೆಂದರಲ್ಲಿ ಜೋಡಿಸಿದರೆ ಸೇತುವೆ ತಿರುಚಿಕೊಂಡು ಹೀರಿಕೆ ಕುಗ್ಗುತ್ತದೆ, ಮೇಲ್ಮೈಯಲ್ಲಿ ಹಿಡಿಯುವ ಅಣುಗಳೂ ಕಡಿಮೆಯಾಗುತ್ತವೆ. ವೈ123 ಎಂಬ ಬಣ್ಣದ ರಚನೆ ನನಗೆ ಅಚ್ಚುಮೆಚ್ಚಾಗಿರುವುದು ಇದೇ ಕಾರಣಕ್ಕೆ. ಅದರಲ್ಲಿ ಎರಡು ಥಯೋಫೀನ್ ಉಂಗುರಗಳನ್ನು ಬಿಗಿದಿರುವ ಇಂಗಾಲದ ಮೇಲೆ ಎರಡು ಹೆಕ್ಸೈಲ್ ಸರಪಳಿಗಳು ಸಮತಲದ ಮೇಲಕ್ಕೊಂದು, ಕೆಳಕ್ಕೊಂದು ಚಾಚಿಕೊಂಡಿವೆ. ಸೇತುವೆ ಚಪ್ಪಟೆಯಾಗಿಯೇ ಉಳಿಯುತ್ತದೆ, ನೆರೆಯ ಅಣು ಹತ್ತಿರ ಬರಲಾರದು. 2011ರಲ್ಲಿ ಇದನ್ನು, ಉದ್ದನೆಯ ಆಕ್ಟೈಲಾಕ್ಸಿ ಸರಪಳಿಗಳು ಸುತ್ತುವರಿದ ಸತು-ಪೋರ್ಫಿರಿನ್ ಬಣ್ಣವೊಂದರ ಜೊತೆಗೆ, ಬಣ್ಣ ಕಳೆದುಕೊಂಡ ಎಲೆಕ್ಟ್ರಾನನ್ನು ಮರಳಿ ತುಂಬಿಕೊಡುವ ಕೋಬಾಲ್ಟ್ ಎಲೆಕ್ಟ್ರೊಲೈಟ್‌ನೊಂದಿಗೆ ಬಳಸಿದಾಗ ಬೆಳಕನ್ನು ವಿದ್ಯುತ್ತಾಗಿಸುವ ದಕ್ಷತೆ ಶೇ. 12.3ಕ್ಕೆ ಮುಟ್ಟಿತು. ಇಂಥ ಸರಪಳಿಗಳಿಂದ ಇನ್ನೊಂದು ಲಾಭವೂ ಇದೆ: ಎಲೆಕ್ಟ್ರೊಲೈಟ್ ಕಣದ ಸಮೀಪಕ್ಕೆ ಬಂದು ಎಲೆಕ್ಟ್ರಾನನ್ನು ಮರಳಿ ಕಸಿದುಕೊಳ್ಳುವುದನ್ನು ಅವು ತಡೆಯುವುದರಿಂದ ವೋಲ್ಟೇಜ್ ಕೂಡ ಏರುತ್ತದೆ.

ವಿನ್ಯಾಸ ಫಲಿಸಿತೇ ಎಂದು ತಿಳಿಯಲು ಹಲವರು ದ್ರಾವಣದಲ್ಲಿರುವ ಬಣ್ಣದ ಮತ್ತು ಕಣಗಳ ಮೇಲಿನ ಬಣ್ಣದ ಪದರದ ಹೀರಿಕೆಯ ರೋಹಿತಗಳನ್ನಷ್ಟೇ (ಯಾವ ಬಣ್ಣದ ಬೆಳಕನ್ನು ಎಷ್ಟು ಹೀರಿತೆಂಬ ನಕ್ಷೆಗಳನ್ನು) ಹೋಲಿಸುತ್ತಾರೆ. ಅಣುಗಳು ಪೇರಿಕೊಂಡಾಗ ಮಾತ್ರವಲ್ಲ, ಆಮ್ಲದ ಗುಂಪು ಪ್ರೋಟಾನ್ ಕಳೆದುಕೊಂಡು ಕಣಕ್ಕೆ ಅಂಟಿದಾಗಲೂ ರೋಹಿತ ನೀಲಿಯ ಕಡೆಗೆ ಸರಿಯಬಲ್ಲದಾದ್ದರಿಂದ ಅದೊಂದೇ ಸಾಕ್ಷ್ಯ ಸಾಲದು. ಪಿತ್ತಾಮ್ಲ ಬೆರೆಸಿ ಒಂದು ಕೋಶ, ಬೆರೆಸದೆ ಇನ್ನೊಂದು ಕೋಶ ಮಾಡಿ ವಿದ್ಯುತ್ ಪ್ರವಾಹವನ್ನು ಅಳೆಯಿರಿ. ಬೆರೆಸಿದ್ದರಿಂದ ಪ್ರವಾಹ ಹೆಚ್ಚದಿದ್ದರೆ, ಅಣುಗಳನ್ನು ದೂರವಿಡುವ ಕೆಲಸವನ್ನು ಸರಪಳಿಗಳೇ ಮಾಡುತ್ತಿವೆಯೆಂದು ಹೆಚ್ಚಿನ ಭರವಸೆಯಿಂದ ಹೇಳಬಹುದು.