ಜಹೀರಾಬಾದ್ ದಾಟದ ರೈಫಲ್

ಕಲಬುರಗಿಯ ಜಗತ್ ವೃತ್ತದ ಹತ್ತಿರ ನನ್ನದೊಂದು ಪುಟ್ಟ ಟ್ರಾವೆಲ್ಸ್ ಆಫೀಸು. ಉಮ್ರಾ, ದುಬೈ, ಅಮೆರಿಕದ ಮಕ್ಕಳನ್ನು ನೋಡಲು ಹೋಗುವ ಅಪ್ಪ-ಅಮ್ಮ, ಇಷ್ಟೇ ನನ್ನ ಗಿರಾಕಿ. ಹೋದ ವರ್ಷ ಒಬ್ಬ ಗೌಡರು ಬಂದು, "ದಕ್ಷಿಣ ಆಫ್ರಿಕಾಕ್ಕ ಶಿಕಾರಿಗಿ ಹೊಂಟೀನಿ. ರೈಫಲ್ ನಂದೇ ಒಯ್ತೀನಿ" ಅಂದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಶಿಕಾರಿ ಅನ್ನೋದು ವಾಡೆಯ ಗೋಡೆ ಮೇಲಿನ ಫೋಟೋ ಅಷ್ಟೇ. ಅಲ್ಲಿ ಲೈಸೆನ್ಸ್ ಇದ್ದರೆ ನಡೆಯುತ್ತದೆ.

ಹೊಸ ಕೆಲಸ ಅಂತ ನಾನು ಅತಿಯಾಗೇ ಓದಿಕೊಂಡೆ. ಅಲ್ಲಿನ ಪೊಲೀಸರ 520ನೇ ನಂಬರ್ ಫಾರ್ಮ್, ಬೇಟೆ ಆಡಿಸುವವರ ಆಹ್ವಾನ ಪತ್ರ, ಒಂದು ಬಂದೂಕಿಗೆ 200 ತೋಟಾ ಮಿತಿ. ವಿಮಾನದಲ್ಲಿ ರೈಫಲ್ ಖಾಲಿ ಮಾಡಿ ಬೀಗದ ಪೆಟ್ಟಿಗೆಯಲ್ಲಿ, ತೋಟಾ ಬೇರೆ, 5 ಕಿಲೋ ಮೀರುವಂತಿಲ್ಲ. ವಿಮಾನ ಕಂಪನಿ ಮೊದಲೇ ಒಪ್ಪಿರಬೇಕು. 1959ರ ನಮ್ಮ ಆಯುಧ ಕಾಯ್ದೆಯ 10ನೇ ಕಲಂ ಪ್ರಕಾರ ಸ್ವಂತ ಬಳಕೆಗೆ, ಮಿತವಾಗಿ ಒಯ್ಯಲು ಬೇರೆ ರಫ್ತು ಲೈಸೆನ್ಸ್ ಬೇಡ. ಆದರೆ ಹೊರಡುವಾಗ ಕಸ್ಟಮ್ಸ್‌ನವರಿಂದ ರೈಫಲ್ ನಂಬರ್ ಬರೆಸಿದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳದಿದ್ದರೆ, ವಾಪಸ್ ಬಂದಾಗ 'ಎಲ್ಲಿ ಖರೀದಿ ಮಾಡಿದಿರಿ' ಅಂತ ಕೇಳಿಸಿಕೊಳ್ಳಬೇಕು.

ಫಾರ್ಮ್‌ಗೆ ಕಪ್ಪು ಶಾಹಿನೇ ಬೇಕು, ಸಹಿ ಜೋಹಾನ್ಸ್‌ಬರ್ಗ್ ಪೊಲೀಸರ ಮುಂದೆಯೇ. ಗೌಡರು ರೂಢಿಯಂತೆ ಜೇಬಿನ ನೀಲಿ ಪೆನ್ನು ತೆಗೆದು ಬಗ್ಗಿದಾಗ ನಾನು ಕೈ ಹಿಡಿದುಬಿಟ್ಟೆ. ಆಗ ನನ್ನ ಮುಖ ನೋಡಬೇಕಿತ್ತು.

ಟಿಕೆಟ್ ಹೈದರಾಬಾದ್‌ನಿಂದ ಮಾಡಿದ್ದೆ. ನಮಗೆ ಅದೇ ಹತ್ತಿರ, ಎಲ್ಲರಿಗೂ ಅದೇ ಮಾಡೋದು. ಹೊರಡಲು ಒಂಬತ್ತು ದಿನ ಇರುವಾಗ ಪಕ್ಕದ ಕಿರಾಣಿ ಅಂಗಡಿಯ ಕಾಕಾ ಚಹಾಕ್ಕೆ ಬಂದರು, ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರರಾಗಿ ನಿವೃತ್ತಿ ಆದವರು. ಟೇಬಲ್ ಮೇಲಿದ್ದ ಗೌಡರ ಲೈಸೆನ್ಸ್ ಎತ್ತಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು.

"ಇದು ಜಹೀರಾಬಾದ್ ದಾಟಂಗಿಲ್ಲಲಪಾ."

ಜಹೀರಾಬಾದ್ ಅಂದರೆ ಹೈದರಾಬಾದ್ ಹಾದಿಯಲ್ಲಿ ಗಡಿ ದಾಟಿದರೆ ಸಿಗುವ ತೆಲಂಗಾಣದ ಊರು. ಲೈಸೆನ್ಸ್‌ನಲ್ಲಿ ಬರೆದಿತ್ತು, ವ್ಯಾಪ್ತಿ: ಕರ್ನಾಟಕ ರಾಜ್ಯ. ನನ್ನ ಕಣ್ಣೆದುರೇ ಇತ್ತು. ಅದೇ ಹಾಳೆಯನ್ನು ನಾಲ್ಕು ಸಲ ಝೆರಾಕ್ಸ್ ಮಾಡಿಸಿದ್ದೆ. ಜೋಹಾನ್ಸ್‌ಬರ್ಗ್‌ನ ಶಾಹಿ ಬಣ್ಣ ಗೊತ್ತಿದ್ದವನಿಗೆ ಹುಮನಾಬಾದ್ ಆಚೆಗಿನ ಗಡಿ ಕಾಣಲಿಲ್ಲ. ದೇಶಪೂರ್ತಿ ವ್ಯಾಪ್ತಿಗೆ ಅರ್ಜಿ ಹಾಕಬಹುದು, ಆದರೆ ಅದು ಒಂಬತ್ತು ದಿನದಲ್ಲಿ ಕೈಗೆ ಬರುವ ಕಾಗದ ಅಲ್ಲ.

ಟಿಕೆಟ್ ಬೆಂಗಳೂರಿಗೆ ಬದಲಿಸಿದೆ. ಹೆಚ್ಚಿನ ಹಣ ನಾನೇ ಕೊಟ್ಟೆ. ಗೌಡರು ಬೇಡ ಅಂದರು, ಕೇಳಲಿಲ್ಲ. ವಿಮಾನ ಬದಲಾಯಿತು, ಒಪ್ಪಿಗೆ ಪತ್ರ ಮತ್ತೆ ಮೊದಲಿಂದ. ಅದಾದ ಮೇಲೆ ಬೆಂಗಳೂರಿಗೆ ಹೋಗೋದು ಹೇಗೆ? ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರು ದಾಟಿದರೆ ಮಂತ್ರಾಲಯಂ ರೋಡ್, ಗುಂತಕಲ್, ಎಲ್ಲ ಆಂಧ್ರ. ಕಾರಿನಲ್ಲಿ ಬಳ್ಳಾರಿ ಮೇಲೆ ಹೋದರೂ ಊರು ದಾಟಿ ಸ್ವಲ್ಪ ದೂರ ಆಂಧ್ರವೇ. ಕಾಕಾ ಜೊತೆ ಕೂತು ನಕಾಶೆಯಲ್ಲಿ ಬೆರಳು ಆಡಿಸಿ ದಾರಿ ಬರೆದುಕೊಟ್ಟೆ: ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ. ಸೊಂಟ ಹೋಗುವಷ್ಟು ದೂರ, ಆದರೆ ಪೂರ್ತಿ ನಮ್ಮ ರಾಜ್ಯ.

ಆಫ್ರಿಕಾದಲ್ಲಿ ಎಲ್ಲ ಸುಸೂತ್ರ. ಕೊಂಬು, ಚರ್ಮ ತರುವ ಗೋಜಿಗೆ ಹೋಗಬೇಡಿ ಅಂದಿದ್ದೆ, ಫೋಟೋ ಅಷ್ಟೇ ತಂದರು. ವಾಪಸ್ ಬಂದ ದಿನ ರಾತ್ರಿ ಎರಡಕ್ಕೆ ಬೆಂಗಳೂರಿನಿಂದ ಫೋನು.

"ತಮ್ಮಾ, ಬರೋದ್ ಭೀ ಹೊಸಪೇಟಿ ಹಾದೀನೇ ಏನು?"

"ಹೌದ್ರಿ ಗೌಡ್ರ, ಅದೇ ಹಾದಿ."

ಆ ಕಡೆ ಒಂದು ದೊಡ್ಡ ನಿಟ್ಟುಸಿರು, ಆಮೇಲೆ ಫೋನ್ ಇಟ್ಟರು.