ಅದಿರಿನ ಊರಿಂದ ಬಂದವನು

ನಮ್ಮಪ್ಪ ಅದಿರು ಲಾರಿ ಓಡಿಸುತ್ತಿದ್ದರು. ಸಂಡೂರಿನಲ್ಲಿ ಆಗ ಅಮ್ಮ ಬಿಳಿ ಬಟ್ಟೆಯನ್ನು ಹೊರಗೆ ಒಣಹಾಕುವುದನ್ನೇ ಬಿಟ್ಟಿದ್ದರು, ಬೇವಿನ ಎಲೆ ಮುಟ್ಟಿದರೂ ಬೆರಳು ಕೆಂಪು.

ಹೋದ ಚಳಿಗಾಲ ಗೋಕರ್ಣದಿಂದ ಸುಮ್ನೆ ತದಡಿಗೆ ಹೋಗಿದ್ದೆ. ಅಘನಾಶಿನಿ ಸಮುದ್ರ ಸೇರುವ ಜಾಗ. ನೀರು ಇಳಿದಿತ್ತು. ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು, ಕೆಸರನ್ನು ಪಾದದಿಂದಲೇ ತಡವಿ, ಬಗ್ಗಿ ಬಳಚು ಹೆಕ್ಕುತ್ತಿದ್ದರು. ಬಳಚು ಅಂದ್ರೆ ಚಿಪ್ಪಿನ ಜೀವಿ, ನಮ್ಮ ಕಡೆ ಹೆಸರೂ ಕೇಳಿರಲ್ಲ. ದಡಕ್ಕೆ ಬಂದ ಒಬ್ಬರು "ಯಾವೂರು ತಮಾ?" ಅಂದರು. ಬಳ್ಳಾರಿ ಕಡೆ ಅಕ್ಕಾ, ಅಂದೆ. "ಓ, ಅದಿರಿನ ಊರು!" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಅವರಿಗೆ ನಾವು ಗೊತ್ತಿರುವುದೇ ಲಾರಿಗಳಿಂದ. ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹೋಗುತ್ತಿದ್ದದ್ದು ನಮ್ಮದೇ ಅದಿರು, 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟಿದ್ದೇ ಮಾಯವಾಯಿತಲ್ವಾ, ಅದು. ಹುಬ್ಬಳ್ಳಿ–ಅಂಕೋಲಾ ರೈಲು ಬೇಕು ಅನ್ನುವವರ ಲೆಕ್ಕದಲ್ಲೂ ನಮ್ಮ ಅದಿರೇ. ತದಡಿಗೂ ಬಂದರು ಬರುತ್ತೆ ಅನ್ನುವ ಮಾತು ಹಳೆಯದು. ಅಲ್ಲೇ 4,000 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿದ್ದರು, ಜನ ಬಿಡಲಿಲ್ಲ. ನಮ್ಮ ಬಳ್ಳಾರಿ ಹತ್ತಿರದ ಕುಡತಿನಿ ಸ್ಥಾವರದ್ದು 1,700. ಅದರ ಎರಡು ಪಟ್ಟಿಗಿಂತ ಜಾಸ್ತಿ, ಆ ಕೆಸರಿನ ಪಕ್ಕ!

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, 4,801 ಹೆಕ್ಟೇರ್. ಜೊತೆಗೇ ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆಯೂ ಸೇರಿತು (ಈಗ ವಿಜಯನಗರ ಜಿಲ್ಲೆ, ಆದ್ರೂ ನಮ್ಮದೇ ಅಂದುಕೊಳ್ಳುತ್ತೇವೆ). ಪಟ್ಟಿಗೆ ಸೇರಿತು ಅಂತ ನಿಶ್ಚಿಂತೆಯಾಗಿರಲು ಆಗಲ್ಲ. ದೊಡ್ಡ ಹಡಗು ಬರಬೇಕಂದ್ರೆ ತಳ ಕೆರೆದು ಆಳ ಮಾಡಬೇಕು. ಬಳಚಿಗೆ ಆ ತಳವೇ ಮನೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಹಾಗಾಗಿ ಘಟ್ಟದ ಸಿಹಿನೀರು ನೇರವಾಗಿ ಬಂದು ಉಪ್ಪುನೀರಿಗೆ ಬೆರೆಯುತ್ತದೆ. ಈ ಹದದಲ್ಲೇ ಬಳಚು, ಸಿಗಡಿ, ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಕಗ್ಗ ಅನ್ನೋ ಭತ್ತ ಎಲ್ಲ ಬದುಕಿರುವುದು. ಈಗ ಅಂಕೋಲಾದ ಕೇಣಿಯಲ್ಲೂ ಬಂದರು ಬೇಡ ಅಂತ ಮೀನುಗಾರರು ಬೀದಿಗಿಳಿದಿದ್ದಾರೆ.

ಗೆಳೆಯರು "ನಿನಗ್ಯಾಕೋ ಸಮುದ್ರದ ಉಸಾಬರಿ" ಅಂತಾರೆ. ಅದಿರೇ ಬೇಡ ಅನ್ನಲು ನನಗೆ ಬಾಯಿಲ್ಲ, ನಾನು ಓದಿದ್ದೇ ಆ ದುಡ್ಡಲ್ಲಿ. ಆದರೆ ಅದು ಹೋಗುವ ದಾರಿಯಲ್ಲಿ ಯಾರ ಅನ್ನ ಇದೆ ಅಂತ ನೋಡಬೇಕಾದವರು ನಾವೂ ಹೌದು.

ಊರಿಗೆ ಬಂದು ಅಪ್ಪನ್ನ ಕೇಳಿದೆ, ಅಷ್ಟು ವರ್ಷ ಹೋದೆಯಲ್ಲ, ಬಳಚು ಹೆಕ್ಕುವವರನ್ನ ಯಾವತ್ತಾದ್ರೂ ನೋಡಿದ್ಯಾ?

"ಎಲ್ಲಿ ನೋಡೋದಪ್ಪ," ಅಂದರು. "ಬಂದರಿನ ಗೇಟು ನೋಡಿದ್ದೀನಿ. ಅದೂ ರಾತ್ರಿ."